ಓಡಿದನೋ, ಓಡುತ್ತಿದ್ದನೋ?

ಎಂಟನೇ ತರಗತಿಗೆ ಇಂಗ್ಲಿಷ್ ವ್ಯಾಕರಣ ಕಲಿಸುವುದು ಕಷ್ಟ ಎನ್ನುವವರು ಸಾಮಾನ್ಯವಾಗಿ ಇಂಗ್ಲಿಷನ್ನು ದೂರುತ್ತಾರೆ. ತೀರ್ಥಹಳ್ಳಿ ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಬಹಳ ವರ್ಷ ಅದೇ ಕೆಲಸ ಮಾಡಿದ ನನ್ನನ್ನು ಕೇಳಿದರೆ, ಕಷ್ಟದಲ್ಲಿ ದೊಡ್ಡ ಪಾಲು ಎಂಟನೇ ತರಗತಿಯದು. ಜೂನ್ ತಿಂಗಳಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತುವಾಗ ಇನ್ನೂ ಮಗುವಿನಂತಿದ್ದ ಹುಡುಗ ದಸರಾ ರಜೆ ಮುಗಿಸಿ ಬರುವಷ್ಟರಲ್ಲಿ ದನಿ ಒಡೆದುಕೊಂಡು ಬಂದಿರುತ್ತಾನೆ. ಹುಡುಗಿಯರು ಒಬ್ಬೊಬ್ಬರೇ ಮಾತಾಡುವುದನ್ನು ಬಿಟ್ಟು ಗುಂಪಿನಲ್ಲಿ ಮಾತ್ರ ಮಾತಾಡಲು ಶುರು ಮಾಡಿರುತ್ತಾರೆ. ಆಚೆ ಸಾಲಿನವರ ಎದುರು ತಪ್ಪು ಇಂಗ್ಲಿಷ್ ಆಡಿ ನಗೆಪಾಟಲಾಗುವುದಕ್ಕಿಂತ ಬಾಯಿ ಮುಚ್ಚಿಕೊಂಡಿರುವುದೇ ಲೇಸು ಎಂದು ಎರಡೂ ಕಡೆಯವರು ತೀರ್ಮಾನಿಸಿಯಾಗಿರುತ್ತದೆ. ಚಪ್ಪಾಳೆ ತಟ್ಟಿಸಿ ಪದ್ಯ ಹೇಳಿಸಲು ಹೋದರೆ, ನಾವೇನು ಅಂಗನವಾಡಿಯವರಾ ಎಂಬಂತೆ ಮುಖ ಮಾಡುತ್ತಾರೆ. ಬೋರ್ಡಿನ ಮೇಲೆ ವ್ಯಾಖ್ಯೆ ಬರೆದು ನಕಲು ಮಾಡಿಸಿದರೆ ಕೈ ಬರೆಯುತ್ತಿರುತ್ತದೆ, ಕಣ್ಣು ಕಿಟಕಿಯಾಚೆ ಇರುತ್ತದೆ.

ನನ್ನ ಪಾಲಿಗೆ ಬಂದದ್ದು ಹೆಚ್ಚಾಗಿ ಬಿಸಿಯೂಟ ಮುಗಿದ ಮೇಲಿನ ಪೀರಿಯಡ್ಡು. ಮಳೆಗಾಲದಲ್ಲಿ ಹೆಂಚಿನ ಮೇಲೆ ಮಳೆ ಹೊಡೆಯುವಾಗ ಮೇಷ್ಟರ ದನಿ ಮೂರನೇ ಬೆಂಚು ದಾಟುತ್ತಿರಲಿಲ್ಲ. ಮಕ್ಕಳು ವ್ಯಾಕರಣ ಕೇಳಿಯೇ ಇರಲಿಲ್ಲ ಎಂದೇನಲ್ಲ. ಮೊದಮೊದಲು ಬಂದವರು ಐದನೇ ತರಗತಿಯಲ್ಲಿ ಇಂಗ್ಲಿಷ್ ಶುರು ಮಾಡಿದವರು. 2007ರಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದ ಮೇಲೆ ಆಮೇಲಿನವರು ಇನ್ನೂ ಹೆಚ್ಚು ಕೇಳಿಸಿಕೊಂಡು ಬಂದರು. ‘ಹಿ, ಶಿ, ಇಟ್ ಬಂದರೆ ಕ್ರಿಯಾಪದಕ್ಕೆ ಎಸ್ ಸೇರಿಸಬೇಕು’ ಎಂಬುದನ್ನು ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದರು. ಹೇಳಿ ಮುಗಿಸಿದವರೇ ‘ಮೈ ಫಾದರ್ ಗೋ ಟು ತೋಟ’ ಎನ್ನುತ್ತಿದ್ದರು. ನಿಯಮ ಒಂದು ಕಡೆ, ಮಾತು ಇನ್ನೊಂದು ಕಡೆ. ಎರಡಕ್ಕೂ ಮುಖಪರಿಚಯವೇ ಇರಲಿಲ್ಲ.

ನನ್ನ ಮೇಜಿನ ಮೇಲೆ ಇದ್ದದ್ದು ನಮ್ಮ ದೇಶದ ಎಲ್ಲ ಇಂಗ್ಲಿಷ್ ಮೇಷ್ಟರ ಮೇಜಿನ ಮೇಲಿದ್ದ ‘ರೆನ್ ಅಂಡ್ ಮಾರ್ಟಿನ್’. 1930ರ ದಶಕದಲ್ಲಿ ಬಂದ ಆ ಪುಸ್ತಕ ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಬರೆದ ಇಬ್ಬರಲ್ಲಿ ಒಬ್ಬನಾದ ಪಿ.ಸಿ. ರೆನ್ ಬ್ರಿಟಿಷ್ ಕಾಲದ ಮುಂಬೈ ಪ್ರಾಂತ್ಯದಲ್ಲಿ ಶಿಕ್ಷಣ ಇಲಾಖೆಯಲ್ಲಿದ್ದವನು. ಫ್ರೆಂಚ್ ಸೈನ್ಯದ ಪರದೇಶಿ ದಳದ ಸಾಹಸದ ಕತೆ ಹೇಳುವ ‘ಬೋ ಜೆಸ್ಟ್’ ಕಾದಂಬರಿಯನ್ನು 1924ರಲ್ಲಿ ಬರೆದವನೂ ಅವನೇ. ಮರಳುಗಾಡಿನ ಕೋಟೆ, ಕಳುವಾದ ನೀಲಮಣಿ, ಯಾರು ಕದ್ದರೆಂಬ ಗುಟ್ಟು ಇವನ್ನೆಲ್ಲ ಹೆಣೆದು ಓದುಗರನ್ನು ಹಿಡಿದು ಕೂರಿಸಿದ ಮನುಷ್ಯ ವ್ಯಾಕರಣಕ್ಕೆ ಬಂದಾಗ ಒಂದರ ಕೆಳಗೊಂದು ಬಿಡಿ ವಾಕ್ಯ ಜೋಡಿಸಿ ಕೂತ. ಅವನ್ನು ಯಾರು ಯಾರಿಗೆ ಹೇಳಿದರು, ಯಾಕೆ ಹೇಳಿದರು ಎಂಬುದು ಆ ಪುಟಗಳಲ್ಲಿ ಇಲ್ಲ. ಮೇಷ್ಟರಿಗೆ ಅದು ಒಳ್ಳೆಯ ಆಕರಗ್ರಂಥ. ಹದಿಮೂರರ ಹುಡುಗನಿಗೆ ಅದರೊಳಗೆ ಕಾಲಿಡಲು ಕಾರಣವೇ ಸಿಗುವುದಿಲ್ಲ.

ಕಾರಣ ಎಲ್ಲಿದೆ ಎಂದು ನನಗೆ ಹೊಳೆದದ್ದು ಆಟದ ಬಯಲಿನಲ್ಲಿ. ಸಂಜೆ ಕಬಡ್ಡಿ ನಡೆಯುವಾಗ ನಮ್ಮ ಹುಡುಗರು ಅರ್ಧ ಹೊತ್ತು ಆಡುತ್ತಿದ್ದರು, ಅರ್ಧ ಹೊತ್ತು ವಾದ ಮಾಡುತ್ತಿದ್ದರು. ಕಾಲು ಗೆರೆ ದಾಟಿತೇ ಇಲ್ಲವೇ, ಉಸಿರು ಬಿಟ್ಟದ್ದು ಮುಟ್ಟುವ ಮೊದಲೋ ಆಮೇಲೋ, ಬೋನಸ್ ಕೊಡುವಾಗ ಎದುರಾಳಿಗಳು ಎಷ್ಟು ಜನ ಅಂಗಳದಲ್ಲಿದ್ದರು, ಹೀಗೆ. ಬಯಲಿನಲ್ಲಿ ಇಷ್ಟು ಸೂಕ್ಷ್ಮವಾಗಿ ನಿಯಮ ಎಳೆದಾಡುವವರು ಒಳಗೆ ಬಂದ ಕೂಡಲೇ ನಿಯಮವೆಂದರೆ ಆಕಳಿಸುವುದು ಹೇಗೆ? ಆಟದ ನಿಯಮ ಏನನ್ನೋ ತೀರ್ಮಾನಿಸುತ್ತದೆ. ಯಾರೋ ಔಟಾಗುತ್ತಾರೆ, ಯಾರೋ ಗೆಲ್ಲುತ್ತಾರೆ. ನಾನು ಬೋರ್ಡಿನ ಮೇಲೆ ಬರೆಯುವ ನಿಯಮದಿಂದ ಯಾರೂ ಔಟಾಗುತ್ತಿರಲಿಲ್ಲ. ಈ ವಯಸ್ಸಿನವರಿಗೆ ನ್ಯಾಯದ ಹುಚ್ಚು ವಿಪರೀತ. ‘ಸಾರ್, ಅವ್ನಿಗೆ ಮಾತ್ರ ಬೈಲಿಲ್ಲ ನೀವು’ ಎಂದು ದಿನಕ್ಕೊಮ್ಮೆಯಾದರೂ ತಕರಾರು ತರುವ ವಯಸ್ಸು ಅದು. ಆ ಹುಚ್ಚನ್ನೇ ಪಾಠಕ್ಕೆ ಹೂಡಬೇಕು ಅನ್ನಿಸಿತು.

ಶುರು ಮಾಡಿದ್ದು ಚೀಟಿಗಳಿಂದ. ಮನೆಯಲ್ಲಿ ರಾಶಿ ಬಿದ್ದಿದ್ದ ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ದಪ್ಪ ಸ್ಕೆಚ್ ಪೆನ್ನಿನಿಂದ ಒಂದೊಂದು ಪದ ಬರೆದೆ. ಮಳೆ ಎಷ್ಟೇ ಗಲಾಟೆ ಮಾಡಲಿ, ಬರೆದದ್ದು ಕೊನೆಯ ಬೆಂಚಿಗೂ ಕಾಣುತ್ತಿತ್ತು. ಮೊದಲು ಕನ್ನಡ ವಾಕ್ಯ: ‘ರಾಮು’, ‘ಮಾವಿನಹಣ್ಣು’, ‘ತಿನ್ನುತ್ತಾನೆ’. ಮೂವರು ಚೀಟಿ ಹಿಡಿದು ಸಾಲಾಗಿ ನಿಂತರು. ಆಮೇಲೆ ಅವರ ಎದುರಿಗೆ ಇಂಗ್ಲಿಷ್ ಸಾಲು. ಕ್ರಿಯಾಪದದ ಚೀಟಿ ಹಿಡಿದವಳು ಅಭ್ಯಾಸಬಲದಿಂದ ಕೊನೆಗೆ ಹೋಗಿ ನಿಂತಳು. ಕೂತವರು ಒಂದೇ ಸಲಕ್ಕೆ ‘ಮಧ್ಯಕ್ಕೆ ಬಾರೇ’ ಎಂದು ಕೂಗಿದರು. ಕನ್ನಡದ ಕ್ರಿಯಾಪದ ಕೊನೆಯಲ್ಲಿ, ಇಂಗ್ಲಿಷಿನದು ನಡುವೆ ಎಂಬುದನ್ನು ಅವರಿಗೆ ನಾನು ಹೇಳಬೇಕಾಗಲಿಲ್ಲ. ಒಬ್ಬ ಹುಡುಗಿ ನಡೆದು ಹೋದದ್ದನ್ನು ಎಲ್ಲರೂ ಕಂಡಿದ್ದರು.

ತಮಾಷೆ ಇದ್ದದ್ದು ‘ಎಸ್’ ಚೀಟಿಯಲ್ಲಿ. ಅದನ್ನು ತರಗತಿಯ ಎಲ್ಲರಿಗಿಂತ ಕುಳ್ಳಗಿದ್ದ ಹುಡುಗನಿಗೆ ಕೊಟ್ಟು ‘ಈಟ್’ನ ಕೈ ಹಿಡಿದು ನಿಲ್ಲು ಎಂದೆ. ‘ರಾಮು ಈಟ್ಸ್ ಮ್ಯಾಂಗೋಸ್.’ ಕನ್ನಡದಲ್ಲಾದರೋ ತಿನ್ನುತ್ತೇನೆ, ತಿನ್ನುತ್ತೀಯ, ತಿನ್ನುತ್ತಾನೆ, ತಿನ್ನುತ್ತಾಳೆ, ತಿನ್ನುತ್ತದೆ, ತಿನ್ನುತ್ತಾರೆ ಎಂದು ಒಬ್ಬೊಬ್ಬರಿಗೂ ಬಾಲ ಬದಲಾಗುತ್ತದೆ. ಇಂಗ್ಲಿಷಿಗೆ ಇರುವುದು ಇದೊಂದೇ ಎಂದು ತಿಳಿದಾಗ ಹಿಂದಿನ ಬೆಂಚಿನವನೊಬ್ಬ ‘ಇಷ್ಟೇನಾ ಸಾರ್? ನಮ್ದೇ ಕಷ್ಟ ಹಂಗಾದ್ರೆ’ ಎಂದ. ಇಂಗ್ಲಿಷ್ ತನಗಿಂತ ದೊಡ್ಡದು ಎಂದುಕೊಂಡಿದ್ದವನ ಬಾಯಲ್ಲಿ ಆ ಮಾತು ಬಂದದ್ದು ನನಗೆ ಬಹಳ ಇಷ್ಟವಾಯಿತು.

ಈಗ ಪ್ರಶ್ನೆ ಕೇಳಬೇಕು. ಕನ್ನಡದಲ್ಲಿ ಕೊನೆಗೊಂದು ‘ಆ’ ಎಳೆದರೆ ಮುಗಿಯಿತು: ತಿನ್ನುತ್ತಾನಾ? ಇಂಗ್ಲಿಷಿನಲ್ಲಿ ಸಾಲಿನಲ್ಲಿಲ್ಲದ ‘ಡು’ವನ್ನು ಹೊರಗಿನಿಂದ ಕರೆಸಬೇಕು. ಬಾಗಿಲ ಹೊರಗೆ ನಿಲ್ಲಿಸಿದ್ದ ‘ಡು’ ಬಂದು ರಾಮುವಿನ ಮುಂದೆ ನಿಂತ ಕೂಡಲೇ ‘ಎಸ್’ ಹಿಡಿದ ಹುಡುಗ ‘ಈಟ್’ನ ಕೈ ಬಿಟ್ಟು ಅವನ ಕೈ ಹಿಡಿಯಬೇಕು. ‘ಡಸ್ ರಾಮು ಈಟ್ ಮ್ಯಾಂಗೋಸ್?’ ಇರುವುದು ಒಂದೇ ಎಸ್. ಅದು ಏಕಕಾಲಕ್ಕೆ ಎರಡು ಕಡೆ ಇರಲಾರದು. ‘ಡಸ್ ರಾಮು ಈಟ್ಸ್’ ಯಾಕೆ ತಪ್ಪು ಎಂಬುದು ಕಣ್ಣೆದುರೇ ಇತ್ತು. ಆಗ ಒಬ್ಬಳು ಎದ್ದು, ಮ್ಯಾಂಗೋಸ್ ಹತ್ತಿರವೂ ಒಂದು ಎಸ್ ಇದೆಯಲ್ಲ, ಅದನ್ನೂ ‘ಡು’ಗೆ ಕೊಡಬೇಕಲ್ವಾ ಎಂದಳು. ಮ್ಯಾಂಗೋಸ್ ಚೀಟಿ ಹಿಡಿದವಳು ಅದನ್ನು ಎದೆಗವಚಿಕೊಂಡು, ‘ಇದು ನಮ್ದು ಸಾರ್, ಹಣ್ಣು ಜಾಸ್ತಿ ಇರೋದಕ್ಕೆ ಬಂದಿದ್ದು, ಕೊಡಲ್ಲ’ ಎಂದಳು. ಬಹುವಚನದ ಎಸ್ ಬೇರೆ, ಕ್ರಿಯಾಪದದ ಎಸ್ ಬೇರೆ ಎಂಬ ಪಾಠ ಅಲ್ಲಿಗೆ ಮುಗಿಯಿತು. ನಾನು ಮಾಡಿದ್ದಿಷ್ಟೇ, ಅವಳು ಹೇಳಿದ್ದನ್ನು ಬೋರ್ಡಿನ ಮೇಲೆ ಬರೆದೆ.

ಚೀಟಿಯ ಪಾಠ ವಾಕ್ಯದ ಕಟ್ಟಡ ತೋರಿಸಿತು. ಕಾಲದ ಪಾಠಕ್ಕೆ ಬೇಕಾದದ್ದು ಕೋರ್ಟು.

ಪಾಸ್ಟ್ ಕಂಟಿನ್ಯುಯಸ್ ಟೆನ್ಸ್ ಎಂಬ ಅಧ್ಯಾಯಕ್ಕೆ ಇಂಗ್ಲಿಷ್ ಮೇಷ್ಟರುಗಳು ಜಗತ್ತಿನಾದ್ಯಂತ ಆಡಿಸುವ ಒಂದು ಆಟವಿದೆ. ಇಬ್ಬರ ಮೇಲೆ ಕಳ್ಳತನದ ಆರೋಪ. ಆ ಹೊತ್ತಿನಲ್ಲಿ ತಾವಿಬ್ಬರೂ ಬೇರೆಲ್ಲೋ ಒಟ್ಟಿಗಿದ್ದೆವು ಎಂದು ಅವರು ಕತೆ ಕಟ್ಟಬೇಕು. ತರಗತಿ ಒಬ್ಬೊಬ್ಬರನ್ನೇ ಕರೆದು ಪ್ರಶ್ನಿಸಿ ಕತೆಯಲ್ಲಿ ಬಿರುಕು ಹುಡುಕಬೇಕು. ನಮ್ಮ ಶಾಲೆಗೆ ಒಗ್ಗುವ ಕಳ್ಳತನ ಒಂದನ್ನು ಆರಿಸಿಕೊಂಡೆ: ಗಂಟೆ ಹೊಡೆಯುವ ಕಬ್ಬಿಣದ ಸಲಾಕೆ ನಿನ್ನೆ ಸಂಜೆ ಐದರಿಂದ ಆರರ ನಡುವೆ ಮಾಯವಾಗಿದೆ. ಗಂಟೆಯೇ ಹೊಡೆಯದಿದ್ದರೆ ಶಾಲೆಯೇ ಇಲ್ಲವಲ್ಲ ಎಂಬ ಖುಷಿಗೆ ಎಲ್ಲರೂ ಕೇಸಿನೊಳಗೆ ಬಂದರು. ಆರೋಪಿಗಳು ಇಬ್ಬರು ಹುಡುಗರು, ಅವರ ಪರ ವಕೀಲೆ ಮಾತೇ ಆಡದ ಒಬ್ಬ ಹುಡುಗಿ, ಜಡ್ಜು ತರಗತಿಯ ಲೀಡರ್.

ಆಟಕ್ಕೆ ನಾನು ಸೇರಿಸಿದ ನಿಯಮ ಒಂದೇ. ಪ್ರಶ್ನೆಯ ವ್ಯಾಕರಣ ತಪ್ಪಿದ್ದರೆ ಆರೋಪಿ ಉತ್ತರ ಕೊಡಬೇಕಾಗಿಲ್ಲ. ವಕೀಲೆ ಎದ್ದು ‘ಆಬ್ಜೆಕ್ಷನ್’ ಎಂದರೆ ಸಾಕು. ಸಿನಿಮಾ ನೋಡಿದ್ದ ಎಲ್ಲರಿಗೂ ಆ ಪದ ಗೊತ್ತಿತ್ತು. ‘ವಾಟ್ ಯು ಆರ್ ಡೂಯಿಂಗ್ ಯೆಸ್ಟರ್ಡೇ?’ ಎಂದು ಮೊದಲ ಪ್ರಶ್ನೆ ಬಂದದ್ದೇ ತಡ, ಆಬ್ಜೆಕ್ಷನ್! ಪೊಲೀಸರ ಕಡೆಯವರು ತಲೆ ತಲೆ ಕೂಡಿಸಿ ಪಿಸುಗುಟ್ಟಿ ‘ವಾಟ್ ವರ್ ಯು ಡೂಯಿಂಗ್ ಅಟ್ ಫೈವ್ ತರ್ಟಿ?’ ಎಂದು ತಿದ್ದಿಕೊಂಡು ಬಂದರು. ಆ ಪಿಸುಗುಟ್ಟುವಿಕೆಗಾಗಿಯೇ ನಾನು ಕಾದಿದ್ದೆ. ನಾನು ತಿದ್ದಿದರೆ ಅವಮಾನ ಎಂದುಕೊಳ್ಳುವವರು ಈಗ ಕೇಸು ಗೆಲ್ಲಲು ತಮ್ಮತಮ್ಮಲ್ಲೇ ತಿದ್ದಿಕೊಳ್ಳುತ್ತಿದ್ದರು.

ಒಬ್ಬ ಆರೋಪಿ, ನಾವು ಹೊಳೆಯಲ್ಲಿ ಈಜುತ್ತಿದ್ದೆವು ಎಂದ. ‘ವಿ ವರ್ ಸ್ವಿಮ್ಮಿಂಗ್.’ ಇನ್ನೊಬ್ಬ ಬಂದು, ನಾನು ದಂಡೆಯಲ್ಲಿ ಕೂತಿದ್ದೆ, ಅವನು ಈಜುತ್ತಿದ್ದ ಎಂದ. ಬಿರುಕು ಸಿಕ್ಕಿತು. ಆದರೆ ಕೇಸು ನಿಜವಾಗಿ ನಿಂತದ್ದು ಒಬ್ಬ ಸಾಕ್ಷಿಯ ಮಾತಿನ ಮೇಲೆ. ಪೊಲೀಸರು ಹೊಳೆ ದಂಡೆಗೆ ಹೋದಾಗ ಏನು ಕಂಡಿರಿ ಎಂಬುದಕ್ಕೆ ಅವನು ‘ವೆನ್ ದ ಪೊಲೀಸ್ ಕೇಮ್, ಹಿ ರ‍್ಯಾನ್’ ಎಂದ. ಪೊಲೀಸರ ಕಡೆ ಜಯಘೋಷ. ವಕೀಲೆ ಎದ್ದು ನಿಂತಳು. ಸಾಕ್ಷಿಯನ್ನು ನೇರ ಕೇಳಿದಳು: ‘ಹಿ ರ‍್ಯಾನ್? ಆರ್ ಹಿ ವಾಸ್ ರನ್ನಿಂಗ್?’ ಸಾಕ್ಷಿಗೆ ವ್ಯತ್ಯಾಸ ತಿಳಿಯದೆ ನನ್ನ ಮುಖ ನೋಡಿದ. ನಾನು ಜಡ್ಜಿನ ಮುಖ ನೋಡಿದೆ. ಕೊನೆಗೆ ವಕೀಲೆಯೇ ಕನ್ನಡಕ್ಕೆ ಇಳಿದಳು: ‘ಪೊಲೀಸರು ಬಂದ್ಮೇಲೆ ಓಡಿದ್ರೆ ಕಳ್ಳ. ಮೊದ್ಲೇ ಓಡ್ತಾ ಇದ್ರೆ ಕಳ್ಳ ಹೆಂಗಾಗ್ತಾನೆ? ಅವ್ನು ದಿನಾ ಓಡ್ತಾನೆ, ಸ್ಪೋರ್ಟ್ಸಿಗೆ ಸೇರಿದಾನೆ.’

ಒಂದು ಟೆನ್ಸು ಒಬ್ಬನನ್ನು ಜೈಲಿಗೆ ಕಳಿಸಬಹುದು, ಇನ್ನೊಂದು ಬಿಡಿಸಬಹುದು. ಸಿಂಪಲ್ ಪಾಸ್ಟ್ ಆದರೆ ಒಂದು ಘಟನೆಯ ಬೆನ್ನಿಗೆ ಇನ್ನೊಂದು; ಕಂಟಿನ್ಯುಯಸ್ ಆದರೆ ಒಂದು ನಡೆಯುತ್ತಿದ್ದಾಗ ಇನ್ನೊಂದು ಬಂದು ನಡುವೆ ಕಾಲಿಟ್ಟಿತು. ಇದನ್ನು ಬೋರ್ಡಿನ ಮೇಲೆ ಒಂದು ಉದ್ದ ಗೆರೆ, ಅದನ್ನು ಕಡಿಯುವ ಒಂದು ಅಡ್ಡ ಗೆರೆ ಎಳೆದು ವಿವರಿಸಲು ನನಗೆ ಐದು ನಿಮಿಷ ಸಾಕಾಯಿತು. ಯಾರೂ ಕಿಟಕಿಯಾಚೆ ನೋಡಲಿಲ್ಲ, ಯಾಕೆಂದರೆ ತೀರ್ಪು ಇನ್ನೂ ಬಾಕಿ ಇತ್ತು.

ಮರುದಿನದ ವಿಚಾರಣೆಯಲ್ಲಿ ಬಯಸದೇ ಬಂದ ಭಾಗ್ಯ ಇನ್ನೊಂದು. ಆರೋಪಿ ತನ್ನೆದುರು ತಪ್ಪೊಪ್ಪಿಕೊಂಡ ಎಂದು ಹೇಳಲು ಒಬ್ಬ ಹೊಸ ಸಾಕ್ಷಿ ಬಂದಿದ್ದ. ಕನ್ನಡದಲ್ಲಿ ಅವನ ಮನಸ್ಸಿನಲ್ಲಿದ್ದದ್ದು ‘ಅವ್ನು ನಾನೇ ಕಳ್ಳ ಅಂತ ಹೇಳ್ದ’. ಇಂಗ್ಲಿಷಿಗೆ ತಂದು ‘ಹಿ ಸೆಡ್ ದಟ್ ಐ ಆ್ಯಮ್ ದ ಥೀಫ್’ ಎಂದ. ಈ ಹೊತ್ತಿಗೆ ನುರಿತಿದ್ದ ವಕೀಲೆ ಬಿಡುತ್ತಾಳೆಯೇ? ‘ಯೂ ಆರ್ ದ ಥೀಫ್!’ ಎಂದು ಸಾಕ್ಷಿಯ ಕಡೆಗೇ ಬೆರಳು ತೋರಿಸಿದಳು. ಕೋರ್ಟು ನಕ್ಕು ನಕ್ಕು ಬಿತ್ತು. ಪಾಪ, ಸಾಕ್ಷಿ ‘ನಾನಲ್ಲ, ಅವನು!’ ಎಂದು ಅಂಗಲಾಚುತ್ತಿದ್ದ.

ನಮ್ಮ ‘ಅಂತ’ ಬಹಳ ಪ್ರಾಮಾಣಿಕವಾದ ಪದ. ಒಬ್ಬ ಆಡಿದ ಮಾತನ್ನು ಅವನು ಆಡಿದ ಹಾಗೆಯೇ ತಂದು ಮುಂದಿಡುತ್ತದೆ. ಅವನ ‘ನಾನು’ ಅವನದೇ ‘ನಾನು’ ಆಗಿ ಉಳಿಯುತ್ತದೆ. ಇಂಗ್ಲಿಷಿನ ‘ದಟ್’ ಹಾಗಲ್ಲ. ಅದು ಬಂದ ಕೂಡಲೇ ಮಾತು ಹೇಳುವವನ ಬಾಯಿಗೆ ಬಂದುಬಿಡುತ್ತದೆ, ‘ಐ’ ಎಂದರೆ ಹೇಳುತ್ತಿರುವವನೇ. ಅದಕ್ಕೇ ‘ಹಿ ಸೆಡ್ ದಟ್ ಹಿ ವಾಸ್ ದ ಥೀಫ್’ ಎಂದು ತಿರುಗಿಸಬೇಕು. ರಿಪೋರ್ಟೆಡ್ ಸ್ಪೀಚ್ ಎಂಬ ಹೆಸರಿನಲ್ಲಿ ಸರ್ವನಾಮ ಬದಲಿಸುವ ಕೋಷ್ಟಕವನ್ನು ಹಿಂದಿನ ತಂಡಗಳಿಗೆಲ್ಲ ನಕಲು ಮಾಡಿಸಿದ್ದೆವು. ಈ ತಂಡಕ್ಕೆ ಕೋಷ್ಟಕ ಕೊಟ್ಟಾಗ, ಇದು ಸುಮ್ಮನೆ ಕಳ್ಳನಾಗದಂತೆ ತಪ್ಪಿಸಿಕೊಳ್ಳುವ ದಾರಿ ಎಂದು ಅವರಿಗೆ ಮೊದಲೇ ಗೊತ್ತಿತ್ತು. ಅಂದಿನಿಂದ ಒಬ್ಬರ ಮೇಲೊಬ್ಬರು ನನ್ನ ಬಳಿ ತರುವ ದೂರುಗಳನ್ನು ಇಂಗ್ಲಿಷಿನಲ್ಲೇ ಹೇಳಬೇಕು ಎಂದು ಕಟ್ಟುಮಾಡಿದೆ. ದೂರುಗಳು ಕಡಿಮೆಯಾದವು, ಬಂದವು ಮಾತ್ರ ಅಚ್ಚುಕಟ್ಟಾಗಿದ್ದವು.

ಮಕ್ಕಳ ತಪ್ಪುಗಳ ಹಿಂದೆ ಹೀಗೆ ಕನ್ನಡದ ಸರಿಗಳು ಕೂತಿರುತ್ತವೆ ಎಂಬುದು ನನಗೆ ಮನದಟ್ಟಾದದ್ದು ನಮ್ಮ ಕನ್ನಡ ಪಂಡಿತರ ಜೊತೆ ಸ್ಟಾಫ್ ರೂಮಿನಲ್ಲಿ ಕೂತಾಗ. ‘ಅವನು ಡಾಕ್ಟರು’ ಎಂಬಲ್ಲಿ ಕನ್ನಡಕ್ಕೆ ಕ್ರಿಯಾಪದ ಬೇಡ, ಹಾಗಾಗಿ ಹುಡುಗ ‘ಹಿ ಡಾಕ್ಟರ್’ ಎಂದು ‘ಈಸ್’ ನುಂಗುತ್ತಾನೆ. ಎಲ್ಲದಕ್ಕೂ ಒಂದೇ ‘ಅಲ್ವಾ’ ಸಾಕು, ಹಾಗಾಗಿ ‘ಯು ಆರ್ ಕಮಿಂಗ್, ಈಸಿಂಟ್ ಇಟ್?’ ‘ಎ’ ಮತ್ತು ‘ದ’ ಕನ್ನಡದಲ್ಲಿ ಇಲ್ಲವೇ ಇಲ್ಲ ಎಂದು ನಾನು ಗೊಣಗಿದಾಗ ಪಂಡಿತರು, ‘ಇಲ್ಲ ಅಂತ ಯಾಕೆ ಹೇಳ್ತೀರಿ ಮೇಷ್ಟ್ರೇ? ಪುಸ್ತಕ ಓದಿದೆ ಅನ್ನೋದಕ್ಕೂ ಪುಸ್ತಕವನ್ನು ಓದಿದೆ ಅನ್ನೋದಕ್ಕೂ ವ್ಯತ್ಯಾಸ ಇಲ್ವಾ?’ ಎಂದರು. ಇದೆ. ‘ಪುಸ್ತಕ ಓದಿದೆ’ ಎಂದರೆ ಯಾವುದೋ ಒಂದು. ‘ಪುಸ್ತಕವನ್ನು’ ಎಂದರೆ ನಿನಗೂ ನನಗೂ ಗೊತ್ತಿರುವ ಅದು. ಎಲ್ಲ ಕಡೆಯೂ ಹೊಂದುವ ಸೂತ್ರವಲ್ಲ, ಆದರೆ ‘ಯಾವುದು ಅಂತ ಕೇಳುವವನಿಗೆ ಗೊತ್ತಾ?’ ಎಂಬ ಪ್ರಶ್ನೆಗೆ ಮಕ್ಕಳ ಕಿವಿ ತೆರೆಯಲು ಅಷ್ಟು ಸಾಕಾಯಿತು. ಹದಿಮೂರನೇ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜ ಪ್ರತಿ ಸೂತ್ರಕ್ಕೂ ಹಿಂದಿನ ಕವಿಗಳ ಕಾವ್ಯದಿಂದ ಪ್ರಯೋಗ ಹುಡುಕಿ ತಂದದ್ದನ್ನು ಪಂಡಿತರು ನೆನಪಿಸುತ್ತಿದ್ದರು. ಯಾರೋ ಎಲ್ಲೋ ನಿಜವಾಗಿ ಆಡಿದ ಮಾತಿನ ಬಲವಿಲ್ಲದೆ ಸೂತ್ರ ನಿಲ್ಲುವುದಿಲ್ಲ ಎಂಬುದು ಅವರ ವಾದ.

ಪ್ಯಾಸಿವ್ ವಾಯ್ಸ್ ಪಾಠಕ್ಕೆ ಅವರ ವಾದವೇ ದಾರಿಯಾಯಿತು. ಕನ್ನಡ ವ್ಯಾಕರಣದಲ್ಲಿ ಮಕ್ಕಳು ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂದು ಕರ್ಮಣಿ ಪ್ರಯೋಗ ಕಲಿತಿದ್ದರು. ಆ ‘ಪಟ್ಟನು’ ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಯಾರ ಬಾಯಲ್ಲೂ ಬರುವುದಿಲ್ಲ. ಅದನ್ನೇ ಹಿಡಿದು ‘ರಾವಣ ವಾಸ್ ಕಿಲ್ಡ್ ಬೈ ರಾಮ’ ಎಂದು ತಿರುಗಿಸಿದರೆ, ನೆಟ್ಟಗಿದ್ದ ವಾಕ್ಯವನ್ನು ಮೇಷ್ಟರು ಯಾಕೆ ಸೊಟ್ಟ ಮಾಡಿಸುತ್ತಾರೆ ಎಂದು ಮಕ್ಕಳಿಗೆ ಅನ್ನಿಸುವುದು ಸಹಜ. ಹಾಗಾದರೆ ಮಾಡಿದವನು ಯಾರೆಂಬುದು ಮುಖ್ಯವಲ್ಲದಾಗ ನಾವು ನಿಜವಾಗಿ ಹೇಗೆ ಮಾತಾಡುತ್ತೇವೆ? ‘ಕರೆಂಟ್ ತೆಗೆದ್ರು.’ ಯಾರು ತೆಗೆದರು? ಯಾರೋ. ‘ರಸ್ತೆ ಅಗೆದಿದಾರೆ.’ ಯಾರು? ಕೇಳಬೇಡಿ. ಕರ್ತೃವನ್ನು ಬಿಟ್ಟು ‘ಅವರು’ಗೆ ಹೊಂದುವ ಕ್ರಿಯಾಪದ ಹಾಕಿಬಿಡುವುದು ಆಡುಗನ್ನಡದ ಉಪಾಯ. ಇಂಗ್ಲಿಷ್ ಅದೇ ಕೆಲಸವನ್ನು ಪ್ಯಾಸಿವ್‌ನಿಂದ ಮಾಡಿಸುತ್ತದೆ: ‘ದ ಪವರ್ ವಾಸ್ ಕಟ್’, ‘ದ ರೋಡ್ ಹ್ಯಾಸ್ ಬೀನ್ ಡಗ್ ಅಪ್’. ಇದು ತಿಳಿದ ಮೇಲೆ ‘ಬೈ’ ಎಂಬ ಬಾಲ ಹೆಚ್ಚಿನ ಸಲ ಬೇಡವೇ ಬೇಡ ಎಂಬುದೂ ತಿಳಿಯಿತು.

ಆಮೇಲೆ ಅವರಿಗೆ ಕೊಟ್ಟ ಕೆಲಸ ಅಡಿಕೆಯದು. ನಮ್ಮ ಕಡೆ ಕೊಯ್ಲು ಶುರುವಾದರೆ ಅರ್ಧ ತರಗತಿಯ ಬೆರಳುಗಳಿಗೆ ಅಡಿಕೆಯ ಕರೆ ಹತ್ತಿರುತ್ತದೆ. ಹಸಿ ಅಡಿಕೆ ಕೊನೆಯಿಂದ ಚೀಲ ಸೇರುವವರೆಗಿನ ಕತೆಯನ್ನು, ಅಡಿಕೆ ಮರವನ್ನೇ ಕಾಣದ ದೆಹಲಿಯ ಹುಡುಗನೊಬ್ಬನಿಗೆ ತಿಳಿಯುವಂತೆ ಬರೆಯಬೇಕು. ಒಂದು ಗುಂಪು ಬರೆದದ್ದನ್ನು ಇನ್ನೊಂದು ಗುಂಪು ಓದಿ, ಬಿಟ್ಟುಹೋದ ಹಂತ ಹಿಡಿದರೆ ಅವರಿಗೆ ಅಂಕ. ‘ದ ನಟ್ಸ್ ಆರ್ ಪೀಲ್ಡ್. ದೆ ಆರ್ ಬಾಯಿಲ್ಡ್. ದೆ ಆರ್ ಡ್ರೈಡ್.’ ಕೊನೆ ಕೊಯ್ಯುವವರು, ಸುಲಿಯಲು ಬರುವವರು, ಹಂಡೆಯ ಮುಂದೆ ಕೂರುವವರು ಬೇರೆ ಬೇರೆ. ಓದುವವನಿಗೆ ಬೇಕಾದದ್ದು ಅಡಿಕೆಗೆ ಏನಾಯಿತು ಎಂಬುದು. ಅಡಿಕೆಯನ್ನೇ ವಾಕ್ಯದ ಮುಂದಿಟ್ಟ ಕೂಡಲೇ ಪ್ಯಾಸಿವ್ ತಾನಾಗಿ ಬಂತು. ವಿವಾದ ಎದ್ದದ್ದು ಚೊಗರಿನ ಮೇಲೆ. ಬೇಯಿಸುವಾಗ ಚೊಗರು ಹಾಕುವುದನ್ನು ಒಂದು ಗುಂಪು ಬಿಟ್ಟಿತ್ತು. ‘ಚೊಗರು ಹಾಕ್ದೆ ಬಣ್ಣ ಎಲ್ಲಿಂದ ಬರತ್ತೆ?’ ಎಂದು ಎದುರಿನವರು ಎಗರಿದರು. ‘ಚೊಗರು ಈಸ್ ಆ್ಯಡೆಡ್’ ಎಂಬ ವಾಕ್ಯವನ್ನು ಅವತ್ತು ಬರೆದವರು ಪಾರ್ಟಿಸಿಪಲ್ ಎಂಬ ಪದ ಮರೆತಿರಬಹುದು, ವಾಕ್ಯದ ರೂಪ ಮರೆತಿರಲಾರರು.

ನಾನು ಹೀಗೆ ತಡಕಾಡುತ್ತಿದ್ದ ದಾರಿಯಲ್ಲಿ ದೊಡ್ಡವರು ಆಗಲೇ ನಡೆದಿದ್ದಾರೆ ಎಂದು ತಿಳಿದದ್ದು ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್‌ಗೆ ತರಬೇತಿಗೆ ಹೋದಾಗ. 1963ರಲ್ಲಿ ಶುರುವಾದ, ದಕ್ಷಿಣದ ರಾಜ್ಯಗಳ ಇಂಗ್ಲಿಷ್ ಮೇಷ್ಟರುಗಳೆಲ್ಲ ಬಂದುಹೋಗುವ ಸಂಸ್ಥೆ ಅದು. ಅಲ್ಲಿನ ಗ್ರಂಥಾಲಯದಲ್ಲಿ ಎನ್.ಎಸ್. ಪ್ರಭು ಅವರು 1987ರಲ್ಲಿ ಬರೆದ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಸಿಕ್ಕಿತು. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಧಾರಣ ಶಾಲೆಗಳಲ್ಲಿ ಪ್ರಭು ಮತ್ತು ಅವರ ಜೊತೆಗಾರರು ನಡೆಸಿದ ಪ್ರಯೋಗದ ಕತೆ ಅದರಲ್ಲಿದೆ. ಭಾಷೆ ಕಲಿಸುವವರ ಲೋಕದಲ್ಲಿ ಅದು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಗಿದೆ. ರೈಲಿನ ವೇಳಾಪಟ್ಟಿ ನೋಡಿ ಲೆಕ್ಕ ಹಾಕುವುದು, ನಕ್ಷೆ ನೋಡಿ ದಾರಿ ಹುಡುಕುವುದು, ಇಂಥ ಕೆಲಸ ಕೊಟ್ಟು, ಮನಸ್ಸು ಅರ್ಥದಲ್ಲಿ ಮುಳುಗಿದಾಗ ವ್ಯಾಕರಣ ಒಳಗೊಳಗೇ ಬೆಳೆಯುತ್ತದೆ ಎಂದು ಅವರು ವಾದಿಸಿದರು. ನಿಯಮಗಳನ್ನು ಬಿಡಿಸಿ ಹೇಳುವ ಪಾಠವನ್ನೇ ಅವರು ಕೈಬಿಟ್ಟಿದ್ದರು. ಇಂದು ಜಗತ್ತಿನಾದ್ಯಂತ ಟಾಸ್ಕ್ ಆಧಾರಿತ ಕಲಿಕೆ ಎಂದು ಮೆರೆಯುತ್ತಿರುವ ಪದ್ಧತಿಗೆ ಒಂದು ಬೇರು ನಮ್ಮ ನಾಡಿನ ಶಾಲೆಗಳಲ್ಲಿದೆ ಎಂದು ಓದಿ ಎದೆಯುಬ್ಬಿತು. ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನ ವೇಳಾಪಟ್ಟಿ ಬರೆದು ತಂದು, ಶಿವಮೊಗ್ಗದ ಆಸ್ಪತ್ರೆಗೆ ಹತ್ತು ಗಂಟೆಗೆ ಮುಟ್ಟಬೇಕಾದ ಅಜ್ಜಿ ಯಾವ ಬಸ್ಸು ಹತ್ತಬೇಕು ಎಂದು ನಾನೂ ಕೇಳತೊಡಗಿದೆ.

ಆದರೂ ಒಂದು ಕಡೆ ನಾನು ಪ್ರಭು ಅವರಿಂದ ಬೇರೆಯಾದೆ. ನಮ್ಮ ಮಕ್ಕಳು ಶಾಲೆಯ ಗೇಟು ದಾಟಿದರೆ ಇಂಗ್ಲಿಷ್ ಕಿವಿಗೆ ಬೀಳುವುದಿಲ್ಲ. ಒಳಗೊಳಗೇ ಬೆಳೆಯಲು ಬೇಕಾದಷ್ಟು ನೀರು ವಾರಕ್ಕೆ ಕೆಲವೇ ಪೀರಿಯಡ್ಡುಗಳಲ್ಲಿ ಸಿಗುವುದಿಲ್ಲ. ಅಲ್ಲದೆ ಈ ವಯಸ್ಸಿನವರು ಕಾರಣ ಕೇಳುತ್ತಾರೆ, ಕಾರಣ ತಿಳಿದರೆ ಹಿಗ್ಗುತ್ತಾರೆ. ಆದ್ದರಿಂದ ನಿಯಮ ಹೇಳುವುದನ್ನು ನಾನು ಬಿಡಲಿಲ್ಲ. ಅದನ್ನು ಕೇಸಿನ ಆಮೇಲೆ ಇಟ್ಟೆ. ಜಗಳ ಮೊದಲು, ಕಾನೂನು ಆಮೇಲೆ, ಅದರ ಬೆನ್ನಿಗೆ ನೋಟ್‌ಬುಕ್ಕಿನಲ್ಲಿ ಬರವಣಿಗೆ. ಬಾಯಿಪಾಠವನ್ನೂ ಬಿಡಲಿಲ್ಲ. ‘ಗೋ-ವೆಂಟ್-ಗಾನ್’ ಯಾವ ನ್ಯಾಯಕ್ಕೂ ಬಗ್ಗುವ ಮಾಲಲ್ಲ. ಮಗ್ಗಿಯ ಹಾಗೆ ರಾಗವಾಗಿ ಹೇಳಿಸಿದ್ದೇ ಸರಿ. ಹತ್ತನೇ ತರಗತಿಯ ಪರೀಕ್ಷೆಯಲ್ಲಿ ವಾಯ್ಸ್ ಬದಲಿಸಿ, ರಿಪೋರ್ಟೆಡ್ ಸ್ಪೀಚ್‌ಗೆ ತನ್ನಿ ಎಂದು ಬಿಡಿ ವಾಕ್ಯಗಳನ್ನೇ ಕೇಳುತ್ತಾರೆ. ಅದಕ್ಕೂ ಮಕ್ಕಳನ್ನು ಸಿದ್ಧ ಮಾಡಲೇಬೇಕಿತ್ತು. ಪಕ್ಕದ ಕೋಣೆಯ ಗಣಿತದ ಮೇಡಂ ‘ನಿಮ್ಮ ಕೋರ್ಟಿಗೆ ಇವತ್ತು ರಜೆ ಇಲ್ವಾ ಸಾರ್?’ ಎಂದು ಇಣುಕಿದ ದಿನಗಳೂ ಇದ್ದವು. ಅವರಿಗೆ ಪರೀಕ್ಷೆ ಇದ್ದ ದಿನ ನಮ್ಮ ಕಲಾಪ ಕಾಗದದ ಮೇಲೆ ಮೌನವಾಗಿ ನಡೆಯುತ್ತಿತ್ತು: ಸಾಕ್ಷಿಗಳು ಹೇಳಿಕೆ ಬರೆದು ಕೊಡುವುದು, ವಕೀಲರು ಕೆಂಪು ಶಾಯಿಯಲ್ಲಿ ಆಕ್ಷೇಪ ಬರೆಯುವುದು.

ಆಟವೆಂದರೆಲ್ಲ ಪಾಠವಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಎರಡು ಗುಂಪು ಮಾಡಿ, ಪ್ರಶ್ನೆ ಕೇಳಿ, ಸರಿ ಹೇಳಿದವರಿಗೆ ಚಾಕೊಲೇಟು ಕೊಡುವ ಕ್ವಿಜ್ಜುಗಳಲ್ಲಿ ಗದ್ದಲ ಚೆನ್ನಾಗಿರುತ್ತದೆ, ಮೇಲಿನಿಂದ ಬಂದ ಅಧಿಕಾರಿಗೳಿಗೆ ಸಂತೋಷವೂ ಆಗುತ್ತದೆ. ಆದರೆ ಅಲ್ಲಿ ವ್ಯಾಕರಣದ ಜಾಗದಲ್ಲಿ ಚರಿತ್ರೆಯ ಇಸವಿಗಳನ್ನು ಇಟ್ಟರೂ ಆಟ ಹಾಗೆಯೇ ನಡೆಯುತ್ತದೆ. ಚುರುಕಾದ ನಾಲ್ಕು ಜನ ಕೂಗುತ್ತಾರೆ, ಉಳಿದವರು ಚಾಕೊಲೇಟು ನೋಡುತ್ತಾರೆ. ನಾನು ನೋಡುತ್ತಿದ್ದ ಪರೀಕ್ಷೆ ಸರಳ: ಆ ನಿರ್ದಿಷ್ಟ ವ್ಯಾಕರಣರೂಪವನ್ನು ತೆಗೆದುಬಿಟ್ಟರೆ ಆಟ ನಿಲ್ಲಬೇಕು. ‘ವಾಸ್ ರನ್ನಿಂಗ್’ ಇಲ್ಲದೆ ಆ ಕೇಸು ಇತ್ಯರ್ಥವಾಗದು, ಪ್ಯಾಸಿವ್ ಇಲ್ಲದೆ ಅಡಿಕೆ ಬೇಯದು.

ಇತ್ತೀಚೆಗೆ, ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬ ಇಂಗ್ಲಿಷ್ ಟೀಚರ್ ನನ್ನ ಮನೆಗೆ ಬಂದು, ‘ಸರ್, ನಿಮ್ಮ ಆಟಗಳ ಪಟ್ಟಿ ಇದ್ದರೆ ಕೊಡಿ’ ಎಂದರು. ಪಟ್ಟಿಯ ಬದಲು ನನಗೆ ಕೊನೆಯವರೆಗೂ ಒಳ್ಳೆಯ ಜಗಳ ಸಿಗದ ಒಂದು ನಿಯಮವನ್ನು ಕೊಟ್ಟೆ. ‘ನಿನ್ನೆ ಅವನನ್ನು ನೋಡಿದ್ದೇನೆ’ ಎಂದು ಕನ್ನಡದಲ್ಲಿ ಧಾರಾಳವಾಗಿ ಹೇಳಬಹುದು. ಇಂಗ್ಲಿಷಿನಲ್ಲಿ ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ’ ಆಗದು. ಪ್ರೆಸೆಂಟ್ ಪರ್ಫೆಕ್ಟ್‌ನ ಪಕ್ಕದಲ್ಲಿ ಮುಗಿದ ಹೊತ್ತಿನ ಹೆಸರು ನಿಲ್ಲುವುದಿಲ್ಲ. ಇದರಿಂದ ಯಾರು ಗೆಲ್ಲುತ್ತಾರೆ, ಯಾರು ಸೋಲುತ್ತಾರೆ, ಯೋಚಿಸಿ ಎಂದೆ. ಕೆಲವು ವಾರದ ಮೇಲೆ ಅವರ ಫೋನು ಬಂತು. ಒಬ್ಬನನ್ನು ಹೊರಗೆ ಕಳಿಸಿ ಕೋಣೆಯಲ್ಲಿ ಕೆಲವು ವಸ್ತುಗಳ ಜಾಗ ಬದಲಿಸಿದರಂತೆ. ಒಳಬಂದವನು ‘ಯು ಹ್ಯಾವ್ ಮೂವ್ಡ್ ದ ಬೆಂಚ್’ ಎಂದು ಬದಲಾವಣೆಯನ್ನು ಹೇಳಬೇಕು. ಯಾವಾಗ ಬದಲಿಸಿದರು ಎಂಬುದು ಅವನು ಕಂಡದ್ದಲ್ಲ, ಆದ್ದರಿಂದ ಹೊತ್ತು ಹೇಳಿದರೆ ಔಟು. ಹುಡುಗನೊಬ್ಬ ‘ಜಸ್ಟ್ ನೌ’ ಎಂದು ಸೇರಿಸಿದ್ದಾನೆ. ಅದು ಹೊತ್ತೋ ಅಲ್ಲವೋ ಎಂದು ತರಗತಿ ಎರಡು ಪಾಳಯವಾಗಿ, ಗಂಟೆ ಹೊಡೆದರೂ ಏಳದೆ ಕಿತ್ತಾಡಿದೆ. ‘ನಾಳೆ ತೀರ್ಪು ಹೇಳ್ತೀನಿ ಅಂತ ಹೇಳಿ ಬಂದಿದೀನಿ ಸರ್, ಈಗ ನಾನು ಓದ್ಕೋಬೇಕು’ ಎಂದರು. ನಾನೂ ಪುಸ್ತಕ ತೆರೆದೆ. ಬ್ರಿಟಿಷರ ರೂಢಿ ಒಂದು, ಅಮೆರಿಕದವರದು ಇನ್ನೊಂದು. ಎರಡೂ ಪಾಳಯಕ್ಕೆ ವಕೀಲರು ಸಿಗುತ್ತಾರೆ ಎಂದು ಅವರಿಗೆ ತಿಳಿಸಿದೆ.